ಪರಸಿ ಕಲ್ಲಿನ ಮನೆ, ಕಂಪ್ಯೂಟರಿನ ಹಾಡು

ಶಹಾಬಾದ್ ಪರಸಿ ಹಾಸಿದ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು, ಆ ಮನೆಯ ಸೌಂಡ್ ಸಿಸ್ಟಂ ಹೇಗಿದ್ದೀತು ಎಂಬುದು ಅರ್ಧ ಗೊತ್ತಾಗುತ್ತದೆ. ಸದ್ದು ಟಪ್ ಎಂದು ಅಲ್ಲಿಗೇ ಸತ್ತರೆ ಒಳ್ಳೆಯದು. ಟಿರ್ರ್ ಎಂದು ಗೋಡೆಯಿಂದ ಗೋಡೆಗೆ ಓಡಾಡಿದರೆ, ಎಷ್ಟು ಸಾವಿರದ ಸ್ಪೀಕರ್ ತಂದಿಟ್ಟರೂ ಆ ಟಿರ್ರ್ ಹಾಡಿನ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಹೊಸ ಆರ್‌ಸಿಸಿ ಮನೆಗಳಲ್ಲಿ ಸಾಮಾನ್ಯವಾಗಿ ಕೇಳುವುದು ಈ ಎರಡನೆಯದೇ. ಕೆಳಗೆ ನುಣುಪಾದ ಸುಣ್ಣಕಲ್ಲು, ಮೇಲೆ ಸ್ಲ್ಯಾಬು, ನಾಲ್ಕೂ ಕಡೆ ಬಣ್ಣ ಬಳಿದ ಸಿಮೆಂಟ್ ಗೋಡೆ. ಬೇಸಿಗೆಯಲ್ಲಿ ಕಾಲಿಗೆ ತಂಪೆನಿಸುವ ಈ ಕಲ್ಲಿನ ಮೇಲೆ ಬಿದ್ದ ಧ್ವನಿಯೆಲ್ಲ ಹೆಚ್ಚುಕಡಿಮೆ ಹಾಗೇ ವಾಪಸ್ಸು ಪುಟಿಯುತ್ತದೆ.

ಇಂಥ ಪಡಸಾಲೆಯಲ್ಲೀಗ ಒಂದು ಲ್ಯಾಪ್‌ಟಾಪ್ ಅಥವಾ ಹಳೆಯ ಡೆಸ್ಕ್‌ಟಾಪ್, ಅದಕ್ಕೊಂದು ಹೋಮ್ ಥಿಯೇಟರ್ ಬಂದು ಕೂತಿದೆ. ಧ್ವನಿ ಚೆನ್ನಾಗಬೇಕು ಎನ್ನಿಸಿದಾಗ ಮನೆಯವರು ಮೊದಲು ಹೋಗುವುದು ಅಂಗಡಿಗೆ. ಇನ್ನೂ ದೊಡ್ಡ ವೂಫರ್, ಇನ್ನೂ ಎರಡು ಡಬ್ಬಿ, ಇತ್ತೀಚೆಗೆ ಡ್ಯಾಕ್ ಎಂಬ ಪುಟ್ಟ ಪೆಟ್ಟಿಗೆ. ಖರ್ಚು ಮಾಡುವ ಈ ಸರದಿಯೇ ತಲೆಕೆಳಗು. ಕೊನೆಗೆ ಕೊಳ್ಳಬೇಕಾದ್ದನ್ನು ಮೊದಲು ಕೊಂಡು, ಮೊದಲು ಮಾಡಬೇಕಾದ ಬಿಟ್ಟಿ ಕೆಲಸವನ್ನು ಯಾರೂ ಮಾಡುವುದಿಲ್ಲ.

5.1 ಹೋಮ್ ಥಿಯೇಟರನ್ನೇ ನೋಡಬಹುದು. ಆರು ಚಾನೆಲ್ಲಿನ ಧ್ವನಿ ತಂತಿಯಲ್ಲಿ ಹೋಗಬೇಕಾದರೆ ಮೂರು ಸ್ಟೀರಿಯೊ ಜಾಕ್ ಬೇಕು, ಇಲ್ಲವೇ ಎಚ್‌ಡಿಎಂಐ ಅಥವಾ ಆಪ್ಟಿಕಲ್ ದಾರಿ ಬೇಕು. ಲ್ಯಾಪ್‌ಟಾಪಿನಲ್ಲಿ ಜಾಕಿಗೆ ಸಾಮಾನ್ಯವಾಗಿ ಇರುವುದು ಒಂದೇ ಹೆಡ್‌ಫೋನ್ ತೂತು. ಅದಕ್ಕೆ ಸಿಕ್ಕಿಸಿದರೆ ಹೋಗುವುದು ಎಡ ಮತ್ತು ಬಲ, ಎರಡೇ. ಉಳಿದ ಡಬ್ಬಿಗಳಲ್ಲಿ ಕೇಳುವುದು ಅವುಗಳದೇ ನಕಲು. ಹಾಡೂ ಸ್ಟೀರಿಯೊದ್ದೇ. ಹಿಂದಿನ ಎರಡು ಡಬ್ಬಿಗಳನ್ನು ಮೊಳೆ ಹೊಡೆದು ಸೂರಿನ ಹತ್ತಿರ ತೂಗುಹಾಕಿದ ಮನೆಯಲ್ಲಿ ಗಾಯಕ ಎಲ್ಲಿ ಕೂತಿದ್ದಾನೆ ಎಂಬುದೇ ತಿಳಿಯುವುದಿಲ್ಲ. ತಲೆಯ ಮೇಲೊಬ್ಬ, ಎದುರಿಗೊಬ್ಬ. ಹಿಂದಿನವನ್ನು ಕಿತ್ತು ಮುಂದಿನ ಎರಡನ್ನೇ ಇಟ್ಟುಕೊಂಡರೆ ಧ್ವನಿ ಆ ಗಳಿಗೆಯಲ್ಲೇ ಸುಧಾರಿಸುತ್ತದೆ.

ಡ್ಯಾಕಿನ ಮಾತು ಇನ್ನಷ್ಟು ಕಟುವಾಗಿ ಹೇಳಬೇಕಾದದ್ದು. ಕಂಪ್ಯೂಟರಿನ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವುದು ಅದರ ಕೆಲಸ. ಈ ಕೆಲಸ ಇಂದು ಅಗ್ಗವಾಗಿದೆ. ಮೊಬೈಲಿಗೆ ಸಿಕ್ಕಿಸುವ ಬೆರಳುದ್ದದ ಯುಎಸ್‌ಬಿ ತುಂಡೂ ಇದನ್ನು ಶುದ್ಧವಾಗಿ ಮಾಡುತ್ತದೆ. ಸಿಡಿಯ ಗುಣಮಟ್ಟ 16 ಬಿಟ್, 44.1 ಕಿಲೊಹರ್ಟ್ಸ್. ಇದಕ್ಕಿಂತ ಮೇಲಿನ ‘ಹೈ-ರೆಸ್’ ಕೇಳಿಸುತ್ತದೆಯೇ ಎಂದು ಅಮೆರಿಕದ ಮೆಯರ್ ಮತ್ತು ಮೊರಾನ್ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಹೈ-ರೆಸ್ ಧ್ವನಿಯನ್ನು ಹಾಗೇ ಒಮ್ಮೆ, ಸಿಡಿಯ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿ, ಯಾವುದು ಯಾವುದೆಂದು ಗುರುತಿಸಲು ಹೇಳಿದರು. 554 ಸಲ ಕೇಳಿಸಿದ್ದರಲ್ಲಿ ಸರಿ ಉತ್ತರ ಬಂದದ್ದು ಹೆಚ್ಚುಕಡಿಮೆ ಅರ್ಧಕ್ಕೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ದೊಡ್ಡ ಡ್ಯಾಕಿಗೆ ಹಣ ಸುರಿಯುವ ಮೊದಲು ವಿಂಡೋಸಿನ ಸೌಂಡ್ ಸೆಟ್ಟಿಂಗ್ ತೆರೆದು ‘ಬಾಸ್ ಬೂಸ್ಟ್’, ‘ವರ್ಚುವಲ್ ಸರೌಂಡ್’ನಂಥ ಅಲಂಕಾರಗಳನ್ನು ಆಫ್ ಮಾಡಿದರೆ ಅದರಿಂದಾಗುವ ವ್ಯತ್ಯಾಸ ಯಾರ ಕಿವಿಗಾದರೂ ಗೊತ್ತಾಗುತ್ತದೆ. ಅದಕ್ಕೆ ಕಾಸು ಬೇಕಿಲ್ಲ.

ಕೋಣೆಯ ವಿಷಯಕ್ಕೆ ಬಂದರೆ, ಈ ವಿದ್ಯೆ ಹುಟ್ಟಿದ ಕತೆ ಪಡಸಾಲೆಗೆ ಬಹಳ ಹತ್ತಿರದ್ದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಉಪನ್ಯಾಸ ಸಭಾಂಗಣದಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಒಂದು ಪದ ಆಡಿದರೆ ಅದರ ಅನುರಣನ ಐದೂವರೆ ಸೆಕೆಂಡ್ ಉಳಿಯುತ್ತಿತ್ತು. ವ್ಯಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕನಿಗೆ ಇದನ್ನು ಸರಿಪಡಿಸುವ ಹೊಣೆ ಬಿತ್ತು. ಆತ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿ ದಿಂಬುಗಳನ್ನು ರಾತ್ರೋರಾತ್ರಿ ಹೊರಿಸಿ ತಂದು, ಒಂದೊಂದಾಗಿ ಹರಡುತ್ತ, ಆರ್ಗನ್ ಕೊಳವೆ ಊದಿ, ಸದ್ದು ಅಡಗುವ ಹೊತ್ತನ್ನು ಅಳೆದ. ಬೆಳಗಾಗುವಷ್ಟರಲ್ಲಿ ದಿಂಬುಗಳನ್ನೆಲ್ಲ ವಾಪಸ್ಸು ಇಡಬೇಕಿತ್ತು. ಇಂದಿಗೂ ಜಗತ್ತಿನ ಸಭಾಂಗಣಗಳ ಲೆಕ್ಕಕ್ಕೆ ಬಳಸುವ ಸೂತ್ರ ಆ ದಿಂಬುಗಳಿಂದ ಬಂದದ್ದು.

ದಿಂಬಿಗೆ ಸಮನಾದದ್ದು ಈ ಸೀಮೆಯ ಮನೆಮನೆಯಲ್ಲೂ ಮಡಿಚಿಟ್ಟಿದೆ: ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಗಿಂತ ಒಳ್ಳೆಯ ಧ್ವನಿಹೀರಕ ಇಷ್ಟು ಸುಲಭಕ್ಕೆ ಬೇರೆ ಸಿಗದು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಖಾಲಿ ಪರಸಿ ಕೋಣೆಯಲ್ಲಿ, ಸೇಬಿನ್ ಸೂತ್ರದ ಪ್ರಕಾರ, ಸದ್ದು ಅಡಗಲು ಮೂರು ಸೆಕೆಂಡ್ ಹತ್ತಿರ ಬೇಕು. ಎರಡು ದೊಡ್ಡ ಕೌದಿಗಳನ್ನು ಗೋಡೆಗೆ ತೂಗುಹಾಕಿ, ಒಂದು ಗಾದಿ ಹಾಸಿ, ಮೂವರು ಕೂತರೆ ಅದು ಒಂದು ಸೆಕೆಂಡಿನ ಒಳಗೆ ಬರುತ್ತದೆ. ಕೌದಿ ಗೋಡೆಗೆ ಅಂಟಿರಬಾರದು, ನಾಲ್ಕು ಬೆರಳು ಸಂದು ಬಿಟ್ಟಿರಬೇಕು. ಅತಿಥಿಗಳು ಏನೆಂದುಕೊಂಡಾರು ಎಂಬ ಸಂಕೋಚವೊಂದೇ ಇದಕ್ಕೆ ಅಡ್ಡಿ. ಕಿಟಕಿಯೂ ಇದೆ. ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ಮರಳಿ ಬಾರದು. ಸೇಬಿನ್ ತನ್ನ ಅಳತೆಯ ಮಾನವನ್ನಾಗಿ ಇಟ್ಟುಕೊಂಡದ್ದೇ ತೆರೆದ ಕಿಟಕಿಯನ್ನು. ಆದರೆ ಅಫಜಲಪುರದ ಮೇ ತಿಂಗಳ ಮಧ್ಯಾಹ್ನ ಕಿಟಕಿ ತೆರೆಯಿರಿ ಎನ್ನಲು ಎದೆಗಾರಿಕೆ ಬೇಕು.

ಕೌದಿಯ ಮಹಿಮೆಗೂ ಮಿತಿಯಿದೆ. ಅದು ನುಂಗುವುದು ಮಧ್ಯಮ ಮತ್ತು ಮೇಲಿನ ಸ್ವರಗಳನ್ನು. ಮೇಲೆ ಹೇಳಿದ ಕೋಣೆಯಲ್ಲಿ ಅಗಲ, ಎತ್ತರ ಎರಡೂ 10 ಅಡಿಯಾದ್ದರಿಂದ 56 ಹರ್ಟ್ಸ್ ಆಸುಪಾಸಿನ ಸದ್ದು ಎರಡು ದಿಕ್ಕಿನಲ್ಲೂ ತುಂಬಿಕೊಂಡು ಗುಮ್ಮೆನ್ನುತ್ತದೆ. ಆ ಅಲೆಯ ಉದ್ದ ಆರು ಮೀಟರ್. ಬಟ್ಟೆಯ ನಾಲ್ಕು ಪದರಕ್ಕೆ ಅದು ಸೊಪ್ಪು ಹಾಕುವುದಿಲ್ಲ. ಇದಕ್ಕೆ ಮದ್ದು ಸ್ಪೀಕರನ್ನು, ಕೇಳುವವರ ಜಾಗವನ್ನು ಸರಿಸಿ ನೋಡುವುದು. ಹಳೆಯ ಮನೆಯ ಗೋಡೆಗೂಡಿನಲ್ಲಿ ಸ್ಪೀಕರ್ ಇಡುವ ಅಭ್ಯಾಸ ನೋಡಲು ಚೆಂದ, ಕೇಳಲು ಕೆಟ್ಟದ್ದು. ಗೂಡಿನೊಳಗೆ, ಮೂಲೆಯಲ್ಲಿ ಇಟ್ಟಷ್ಟೂ ತಗ್ಗು ಸ್ವರ ಉಬ್ಬುತ್ತದೆ. ಗೋಡೆಯಿಂದ ಎರಡು ಅಡಿ ಮುಂದೆ ತಂದು, ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಂತೆ ಇಡಬೇಕು. ಜಮಖಾನದ ಮೇಲೆ ಕೂತು ಕೇಳುವ ಮನೆಯಲ್ಲಿ ಆ ಮಟ್ಟ ನೆಲದಿಂದ ಎರಡೂವರೆ ಅಡಿ. ಮೇಜಿನ ಮೇಲಿನ ಸ್ಪೀಕರ್ ಅವರ ತಲೆಯ ಮೇಲಿಂದ ಹಾಡುತ್ತಿರುತ್ತದೆ.

ಹಳೆಯ ಮಾಳಿಗೆ ಮನೆ ಉಳಿಸಿಕೊಂಡವರು ಈ ವಿಷಯದಲ್ಲಿ ಪುಣ್ಯವಂತರು. ತೊಲೆ, ಜಂತಿಗಳ ಏರುಪೇರಿನ ಸೂರು ಸದ್ದನ್ನು ಚದುರಿಸುತ್ತದೆ, ಮಣ್ಣಿನ ಗಿಲಾವು ಒಂದಿಷ್ಟು ಹೀರುತ್ತದೆ.

ಇನ್ನು ಗುಂಯ್ ಎನ್ನುವ ಸದ್ದು. ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿದೊಡನೆ ಹಾಡಿಲ್ಲದಾಗಲೂ ಕೇಳುವ ಈ ಗುಂಯ್‌ಗೆ ಕಾರಣ ಹೆಚ್ಚಿನ ಸಲ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಮಡಿಗಳು. ಪರೀಕ್ಷೆ ಸುಲಭ: ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಹಾಡು ಹಚ್ಚಬೇಕು. ಗುಂಯ್ ನಿಂತರೆ ದೋಷ ಸ್ಪೀಕರಿನದ್ದಲ್ಲ, ಚಾರ್ಜರಿನದು ಇಲ್ಲವೇ ವೈರಿಂಗಿನದು. ಕಂಪ್ಯೂಟರ್, ಸ್ಪೀಕರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೆ ಅನೇಕ ಸಲ ಅಲ್ಲಿಗೇ ಮುಗಿಯುತ್ತದೆ. ಗುಂಯ್ ಹೋಗಲೆಂದು ಪ್ಲಗ್ಗಿನ ಮೂರನೆಯ, ಅರ್ಥಿಂಗಿನ ಪಿನ್ನು ಮುರಿಯುವ ಚಾಳಿ ಮಾತ್ರ ಜೀವಕ್ಕೆ ಅಪಾಯ. ಜೇವರ್ಗಿಯ ಎರೆ ನೆಲ ಹಸಿ ಇದ್ದಾಗ ಅರ್ಥಿಂಗಿಗೆ ಬಹಳ ಒಳ್ಳೆಯದು, ಆದರೆ ಬೇಸಿಗೆಯಲ್ಲಿ ಬಿರಿದು ಸಲಾಕೆಯಿಂದ ಬಿಟ್ಟುಕೊಳ್ಳುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಆಗಾಗ ಎರಡು ಕೊಡ ನೀರು ಸುರಿಯುವ ಹಳೆಯ ಲೈನ್‌ಮನ್ ಬುದ್ಧಿ ಇಲ್ಲಿ ಧ್ವನಿಗೂ ಅನ್ವಯ. ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರ್ ಬೇರೆಯದೇ ಕರ್ಕಶ ತರುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದ ಮನೆಯಲ್ಲಿ ಆ ಕಾಟ ಕಡಿಮೆ.

ಇಷ್ಟೆಲ್ಲ ಸರಿಮಾಡಿದ ಮೇಲೆ ಬಯಲಾಗುವುದು ಹಾಡಿನ ಫೈಲಿನ ದಾರಿದ್ರ್ಯ. ಈ ಮೂರು ತಾಲ್ಲೂಕುಗಳಲ್ಲಿ ಕೇಳುವ ವಸ್ತುವಿಗೆ ಬರವಿಲ್ಲ. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ, ಖವ್ವಾಲಿಯ ಚಪ್ಪಾಳೆ ಇದೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ದತ್ತನ ಆರತಿಯ ಗಂಟೆಗಳಿವೆ. ಹಿಂದೆ ಜೇವರ್ಗಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ತತ್ವಪದಗಳು ಏಕತಾರಿ, ದಮ್ಮಡಿ, ತಾಳಗಳ ಜತೆ ಇಂದಿಗೂ ಭಜನೆಯಲ್ಲಿ ಬಾಳುತ್ತಿವೆ. ಸ್ಪೀಕರ್ ಪರೀಕ್ಷೆಗೆ ಇವಕ್ಕಿಂತ ಒಳ್ಳೆಯ ಒರೆಗಲ್ಲು ಬೇಡ. ಚಪ್ಪಾಳೆ ಚುರುಕಾಗಿ ಬಂದು ನಿಲ್ಲಬೇಕು. ಗಂಟೆ ಸೀಳಬಾರದು. ದಮ್ಮಡಿಯ ಗೆಜ್ಜೆ ಮತ್ತು ತಾಳ ಬೇರೆ ಬೇರೆ ಕೇಳಬೇಕು, ಅವುಗಳ ಹಿಂದೆ ಪದದ ಮಾತು ಮುಳುಗಬಾರದು.

ಆದರೆ ಮೊಬೈಲ್ ಅಂಗಡಿಯಲ್ಲಿ ಮೆಮರಿ ಕಾರ್ಡಿಗೆ ತುಂಬಿಸಿಕೊಂಡ 128 ಕೆಬಿಪಿಎಸ್ ಎಂಪಿ3ಯಲ್ಲಿ ತಾಳ ನೀರಿನೊಳಗೆ ತಟ್ಟಿದಂತೆ ಕೇಳುತ್ತದೆ. ಸಿಡಿಯ ಧ್ವನಿ 1,411 ಕೆಬಿಪಿಎಸ್. ಅದರ ಹನ್ನೊಂದನೆಯ ಒಂದು ಪಾಲಷ್ಟೇ ಇದರಲ್ಲಿದೆ. ಅದನ್ನೇ 320ಕ್ಕೆ ‘ಕನ್ವರ್ಟ್’ ಮಾಡಿದರೆ ಫೈಲು ದಪ್ಪವಾಗುತ್ತದೆ, ಕಳೆದದ್ದು ಬರುವುದಿಲ್ಲ. ಭಜನೆಯ ಧ್ವನಿಮುದ್ರಣಗಳ ಗತಿ ಇನ್ನೂ ಬೇರೆ. ಯಾರದೋ ತೊಡೆಯ ಮೇಲಿಟ್ಟ ಫೋನಿನಲ್ಲಿ ಹಿಡಿದವು ಅವು. ಫೋನು ತಾನಾಗಿ ಮಟ್ಟ ಏರಿಳಿಸುವುದರಿಂದ ದಮ್ಮಡಿ ಬಡಿದಾಗಲೆಲ್ಲ ಹಾಡುಗಾರನ ದನಿ ಕುಗ್ಗುತ್ತದೆ. ಇದನ್ನು ಯಾವ ಡ್ಯಾಕೂ ಎತ್ತಲಾರದು. ಸ್ಪೀಕರಿಗೆ ಮೀಸಲಿಟ್ಟ ಹಣದಲ್ಲಿ ಒಂದು ಸಣ್ಣ ಸ್ಟೀರಿಯೊ ರೆಕಾರ್ಡರ್ ಕೊಂಡು ಭಜನೆಯ ಮುಂದೆ ಸ್ಟ್ಯಾಂಡಿನ ಮೇಲೆ ಇಟ್ಟರೆ, ಊರಿಗೆಲ್ಲ ಒಳ್ಳೆಯ ಧ್ವನಿ ಸಿಕ್ಕೀತು.

ಕಂಪ್ಯೂಟರಿನ ನಿಜವಾದ ಬಲ ಬೇರೆಡೆ ಇದೆ. ‘ರೂಮ್ ಇಕ್ಯು ವಿಝರ್ಡ್’ನಂಥ ಬಿಟ್ಟಿ ತಂತ್ರಾಂಶ, ಒಂದು ಅಳತೆಯ ಮೈಕು ಇದ್ದರೆ ಕೋಣೆ ಎಲ್ಲಿ ಗುಮ್ಮೆನ್ನುತ್ತದೆ ಎಂಬುದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ, ‘ಇಕ್ವಲೈಝರ್ ಎಪಿಒ’ ಆ ಉಬ್ಬನ್ನು ತಗ್ಗಿಸುತ್ತದೆ. ಉಬ್ಬು ತಗ್ಗಿಸಬಹುದು, ತಗ್ಗು ತುಂಬಲಾಗದು. ಯಾವ ಟೇಪ್ ರೆಕಾರ್ಡರೂ ಇಷ್ಟು ಮಾಡಿರಲಿಲ್ಲ.

ಕೊನೆಗೆ ಉಳಿಯುವ ವೈರಿ ಕೂಲರ್. ಹತ್ತಿರ ಕೂತವರ ಕಿವಿಗೆ ಅದರ ಭರಾಟೆ 60 ಡೆಸಿಬೆಲ್ ಆಸುಪಾಸು. ಹಾಡು 80ರಲ್ಲಿ ಇದ್ದರೆ ನಡುವೆ ಉಳಿದದ್ದು 20. ಸಿಡಿಯ 96 ಡೆಸಿಬೆಲ್ ಹರವು, ಹೈ-ರೆಸ್‌ನ 144, ಎಲ್ಲವೂ ಆ ಗಾಳಿಯಲ್ಲಿ ತೂರಿಹೋಗುತ್ತವೆ. ಏಪ್ರಿಲ್ಲಿನ ಒಂದು ಸಂಜೆ ಕರೆಂಟು ಹೋದಾಗ ಕೂಲರ್ ನಿಲ್ಲುತ್ತದೆ, ಫ್ಯಾನು ನಿಧಾನವಾಗುತ್ತದೆ, ಪಕ್ಕದ ಮನೆಯ ಟಿವಿ ಆರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿದೆ, ಯುಎಸ್‌ಬಿಯಲ್ಲೇ ಓಡುವ ಎರಡು ಸಣ್ಣ ಸ್ಪೀಕರ್ ಹಾಡುತ್ತಿವೆ. ಏಕತಾರಿಯ ತಂತಿ ಮಿಡಿದ ಮೇಲೆ ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಆಗ ಕೇಳಿಸುತ್ತದೆ. ಅರ್ಧ ತಾಸಿನಲ್ಲಿ ಕರೆಂಟು ಬರುತ್ತದೆ, ಕೂಲರ್ ಮತ್ತೆ ಶುರುವಾಗುತ್ತದೆ.