ಸಾಕ್ಷಿಯ ಮಾತು, ವಾದಿಯ ಮಾತು: ‘ಹಿಮಾಲಯನ್ ಬ್ಲಂಡರ್’ ಮತ್ತೆ ಓದಿದಾಗ

ಸೈನಿಕನ ನೆನಪುಗಳೆಂದರೆ ಕನ್ನಡ ಓದುಗರಲ್ಲಿ ಅನೇಕರಿಗೆ ಮೊದಲು ಹೊಳೆಯುವ ಹೆಸರು ‘ಹಿಮಾಲಯನ್ ಬ್ಲಂಡರ್’. ಬ್ರಿಗೇಡಿಯರ್ ಜಾನ್ ದಳವಿಯವರು ಇಂಗ್ಲಿಷಿನಲ್ಲಿ ಬರೆದು 1969ರಲ್ಲಿ ಪ್ರಕಟಿಸಿದ ಈ ಗ್ರಂಥವನ್ನು ಪತ್ರಕರ್ತ ದಿವಂಗತ ರವಿ ಬೆಳಗೆರೆಯವರು ಕನ್ನಡಕ್ಕೆ ತಂದರು. ನಾನು ಓದಿದ್ದು ಎರವಲು ಪ್ರತಿ. ನನಗಿಂತ ಮೊದಲು ಅದು ಎಷ್ಟು ಕೈ ದಾಟಿತ್ತೆಂಬುದಕ್ಕೆ ಅದರ ಹರಿದ ರಟ್ಟೇ ಸಾಕ್ಷಿ. ಓದಿದವರೆಲ್ಲ ಕೊನೆಗೆ ಆಡುವ ಮಾತು ಒಂದೇ: ‘ದೆಹಲಿಯವರು ನಮ್ಮ ಹುಡುಗರನ್ನು ಬಲಿಕೊಟ್ಟರು.’ ಅದೇ ದೆಹಲಿಯಲ್ಲಿ ಕಡತ ಹೊತ್ತು ಸಂಬಳ ಎಣಿಸುವ ನನಗೆ ಆ ಮಾತು ಸ್ವಲ್ಪ ಚುಚ್ಚಿತು. ಹಾಗಾಗಿ ಪುಸ್ತಕವನ್ನು ಇನ್ನೊಮ್ಮೆ ನಿಧಾನವಾಗಿ ಓದಿದೆ.

ನಾವು ವಿಜ್ಞಾನದ ವಿದ್ಯಾರ್ಥಿಗಳಾಗಿದ್ದಾಗ ಪ್ರಯೋಗಶಾಲೆಯ ರೆಕಾರ್ಡಿನಲ್ಲಿ ಕಂಡದ್ದನ್ನು ಒಂದು ಕಡೆ, ಅದರಿಂದ ಊಹಿಸಿದ್ದನ್ನು ಇನ್ನೊಂದು ಕಡೆ ಬರೆಯಬೇಕಿತ್ತು. ಎರಡನ್ನೂ ಬೆರೆಸಿದರೆ ಮೇಷ್ಟರು ಕೆಂಪು ಗೀಟು ಹಾಕುತ್ತಿದ್ದರು. ಯುದ್ಧದ ನೆನಪುಗಳನ್ನೂ ಹೀಗೆಯೇ ಓದಬೇಕೆಂದು ನನಗೆ ತೋರುತ್ತದೆ.

ದಳವಿಯವರು ಕಂಡದ್ದು ಏನು? ಅವರು 7ನೆಯ ಇನ್‌ಫೆಂಟ್ರಿ ಬ್ರಿಗೇಡಿನ ನಾಯಕರು. 1962ರ ಅಕ್ಟೋಬರಿನಲ್ಲಿ ಅವರ ತುಕಡಿಗಳು ಇಂದಿನ ಅರುಣಾಚಲದ ಪಶ್ಚಿಮದ ಅಂಚಿನಲ್ಲಿ, ನಾಮ್‌ಕಾ ಚು ಎಂಬ ಹೊಳೆಯ ದಡದಲ್ಲಿ ನಿಂತಿದ್ದವು. ಎದುರಿಗೆ ಥಾಗ್ಲಾ ಬೆಟ್ಟದ ಏಣು. ಎತ್ತರದಲ್ಲಿ ಚೀನೀಯರು, ತಗ್ಗಿನಲ್ಲಿ ನಮ್ಮವರು. ಹತ್ತು ಸಾವಿರ ಅಡಿಗೂ ಮಿಕ್ಕಿದ ಎತ್ತರದ ಆ ಚಳಿಯಲ್ಲಿ ಹತ್ತಿಯ ಸಮವಸ್ತ್ರ, ಕ್ಯಾನ್ವಾಸ್ ಬೂಟು, ಎಣಿಸಿ ಕೊಟ್ಟ ಗುಂಡು. ವಿಮಾನದಿಂದ ಇಳಿಸಿದ ಸಾಮಾನು ಬಹುಪಾಲು ಕಣಿವೆಯ ಪಾಲು. 20ರ ಬೆಳಗಿನ ಜಾವ ಫಿರಂಗಿಗಳು ಮೊರೆದವು, ಟೆಲಿಫೋನು ತಂತಿ ಕಡಿಯಿತು. ರಜಪೂತ ರೆಜಿಮೆಂಟಿನ 2ನೆಯ ಬೆಟಾಲಿಯನ್ ಒಂದರಲ್ಲಿಯೇ ಇದ್ದ 513 ಮಂದಿಯಲ್ಲಿ 282 ಮಂದಿ ಮಡಿದರು. 22ರಂದು ದಳವಿಯವರು ಸೆರೆಸಿಕ್ಕಿದರು. ಬಿಡುಗಡೆಯಾದದ್ದು 1963ರ ಮೇ ತಿಂಗಳಿನಲ್ಲಿ. ಈ ಭಾಗವನ್ನು ಓದುವಾಗ ಗಂಟಲು ಕಟ್ಟುತ್ತದೆ. ಇಲ್ಲಿ ಮಾತನಾಡುವವನು ಸಾಕ್ಷಿ. ಅವನ ಮಾತಿಗೆ ಬೇರೆ ಪುರಾವೆ ಬೇಡ.

ಆದರೆ ಪುಸ್ತಕದ ಇನ್ನೊಂದು ದೊಡ್ಡ ಪಾಲು ದೆಹಲಿಯ ಕೊಠಡಿಗಳ ಕಥೆ. ಅಲ್ಲಿ ದಳವಿಯವರು ಇರಲಿಲ್ಲ. ಅಲ್ಲಿಂದ ಮುಂದೆ ಸಾಕ್ಷಿ ಕಟಕಟೆಯಿಂದಿಳಿದು ಕರಿಕೋಟು ತೊಟ್ಟು ವಾದಿಸತೊಡಗುತ್ತಾನೆ. ನೆಹರು, ಕೃಷ್ಣ ಮೆನನ್, ಜನರಲ್ ಕೌಲ್ ಆರೋಪಿಗಳು. ಅವರ ತಪ್ಪು ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ತಪ್ಪು ನಡೆದ ಬಗೆಯನ್ನು ನೋಡಿ. 1962ರ ಸೆಪ್ಟೆಂಬರ್ 22ರಂದು ರಕ್ಷಣಾ ಸಚಿವಾಲಯದ ಸಭೆಯಲ್ಲಿ, ಚೀನೀಯರನ್ನು ಹೊರದಬ್ಬುವ ಆಜ್ಞೆಯನ್ನು ಬರಹದಲ್ಲಿ ಕೊಡಿರೆಂದು ದಂಡನಾಯಕ ಜನರಲ್ ಥಾಪರ್ ಕೇಳಿದರು. ಪ್ರಧಾನಿ, ರಕ್ಷಣಾ ಸಚಿವ ಇಬ್ಬರೂ ಆಗ ವಿದೇಶದಲ್ಲಿ. ಆಜ್ಞೆಗೆ ಸಹಿ ಬಿದ್ದದ್ದು ಒಬ್ಬ ಜಂಟಿ ಕಾರ್ಯದರ್ಶಿಯದು. ಅದರ ಒಕ್ಕಣೆಯೂ ಹಿಂದಿನ ಸಭೆಗಳ ತೀರ್ಮಾನದ ಹೆಗಲೇರಿ ನಿಂತದ್ದು.

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಧಾಟಿ ಹೊಸತಲ್ಲ. ಕಡತ ಮೇಜಿನಿಂದ ಮೇಜಿಗೆ ಸರಿಯುತ್ತದೆ. ಪ್ರತಿಯೊಬ್ಬನೂ ಮೇಲಿನ ಟಿಪ್ಪಣಿಯನ್ನು ನಂಬಿ ಕೆಳಗೆ ಸಹಿ ಹಾಕುತ್ತಾನೆ. ಕೊನೆಗೆ ತೀರ್ಮಾನವಿರುತ್ತದೆ, ತೀರ್ಮಾನಿಸಿದವನು ಇರುವುದಿಲ್ಲ. ಮೂವರು ಖಳರನ್ನು ಹಿಡಿದುಕೊಟ್ಟು ದಳವಿಯವರು ನಮ್ಮ ಸಿಟ್ಟಿಗೆ ದಾರಿ ಮಾಡಿಕೊಟ್ಟರು. ಈ ಯಂತ್ರ ನಡೆಯುವ ರೀತಿಗೆ ಬೇಕಾದಷ್ಟು ಗಮನ ಕೊಡಲಿಲ್ಲ. ಎದುರುಪಕ್ಷದ ಕೌಲ್ ಅವರು 1967ರಲ್ಲಿಯೇ ತಮ್ಮ ನೆನಪುಗಳನ್ನು ಬರೆದು ತಮ್ಮನ್ನು ಸಮರ್ಥಿಸಿಕೊಂಡಿದ್ದರು. ಎರಡನ್ನೂ ತೂಗಿ ನೋಡಲು ಸಹಾಯವಾಗಬಹುದಾಗಿದ್ದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಬೀಗ ಹಾಕಿಟ್ಟಿತು. 2014ರಲ್ಲಿ ಅದರ ಒಂದು ಭಾಗವನ್ನು ಹೊರಗೆಡಹಿದವರು ಒಬ್ಬ ವಿದೇಶೀ ಪತ್ರಕರ್ತರು.

ಇನ್ನು ಹೆಸರಿನ ವಿಚಾರ. 1919ರ ಸತ್ಯಾಗ್ರಹದ ನಂತರ ಗಾಂಧೀಜಿ ಬೆಟ್ಟದಷ್ಟು ದೊಡ್ಡ ತಪ್ಪಾಯಿತೆಂದರು. ಇಂಗ್ಲಿಷಿನಲ್ಲಿ ಆ ಬೆಟ್ಟ ಹಿಮಾಲಯವಾಯಿತು. ಆದರೆ ಗಾಂಧೀಜಿ ಹೇಳಿದ್ದು ತಮ್ಮ ತಪ್ಪನ್ನು. ದಳವಿಯವರು ಹೇಳುವುದು ಹೆಚ್ಚಾಗಿ ಇತರರ ತಪ್ಪನ್ನು. ದಾಳಿಯ ಹಿಂದಿನ ದಿನ ಅವರು, ಸೈನಿಕರು ಸಾಯುವುದನ್ನು ನೋಡುತ್ತ ನಿಲ್ಲುವುದಕ್ಕಿಂತ ರಾಜೀನಾಮೆ ಲೇಸೆಂದು ಮೇಲಿನವರಿಗೆ ತಿಳಿಸಿದ್ದರು. ಆದರೂ ನಿಂತರು. ಮೂರು ವರ್ಷ ಮೊದಲು, 1959ರಲ್ಲಿ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೂ ದಂಡನಾಯಕರಾಗಿದ್ದಾಗ ರಾಜೀನಾಮೆ ಕೊಟ್ಟು, ಪ್ರಧಾನಿಯ ಮಾತಿಗೆ ಹಿಂತೆಗೆದುಕೊಂಡಿದ್ದರು. ತಪ್ಪೆಂದು ಗೊತ್ತಿರುವ ಆಜ್ಞೆಯನ್ನು ಧೀರನೊಬ್ಬ ಏಕೆ ಪಾಲಿಸುತ್ತಾನೆ? ಸೈನಿಕನ ಆತ್ಮಕಥೆ ಉತ್ತರಿಸಬೇಕಾದ ನಿಜವಾದ ಪ್ರಶ್ನೆ ಇದು. ಪುಸ್ತಕ ಇದರ ಹೊಸ್ತಿಲವರೆಗೆ ಬಂದು, ಮತ್ತೆ ದೆಹಲಿಯ ಕಡೆ ಬೆರಳು ತೋರಿಸುತ್ತದೆ.

ಬೆಳಗೆರೆಯವರ ಗದ್ಯ ಓದುಗನನ್ನು ಕೈಹಿಡಿದು ಓಡಿಸುತ್ತದೆ; ಮಿಲಿಟರಿ ವಿಷಯಕ್ಕೆ ಕನ್ನಡದಲ್ಲಿ ಇಷ್ಟು ಓದುಗರನ್ನು ತಂದದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಓಟದಲ್ಲಿ ಮೂಲದ ಸಿಟ್ಟು ಇನ್ನೂ ಕಾವೇರಿ, ಅನುಮಾನಕ್ಕೆ ಜಾಗ ಕಡಿಮೆಯಾಯಿತೆಂದು ನನಗೆ ತೋರಿತು.

ಪುಸ್ತಕವನ್ನು ನನ್ನ ಪರಿಚಯದ ಹಿರಿಯರೊಬ್ಬರಿಗೆ ಕೊಟ್ಟೆ. ಹವಾಲ್ದಾರರಾಗಿ ನಿವೃತ್ತರಾದವರು, 1971ರ ಯುದ್ಧ ಕಂಡವರು. ವಾರದ ಮೇಲೆ ಹಿಂತಿರುಗಿಸುತ್ತ ಅವರೆಂದರು: ‘ನೋಡಪ್ಪ, ಬೂಟು, ಕಂಬಳಿ, ರೇಷನ್ನಿನ ವಿಷಯ ಬರೆದದ್ದೆಲ್ಲ ಸತ್ಯ. ಚಳಿ ಅಂದರೆ ಅದೇ. ದೊಡ್ಡವರ ಮಾತು ನಮಗೇನು ಗೊತ್ತು? ಆದರೆ ಆ ಬಂಕರ್ ತೋಡಿದವನು ಏನೂ ಹೇಳಲೇ ಇಲ್ಲವಲ್ಲ.’ ನೀವಾದರೂ ಬರೆಯಿರೆಂದೆ. ‘ನಮ್ಮದನ್ನು ಯಾರು ಓದುತ್ತಾರೆ?’ ಎಂದು ನಕ್ಕು ಚಹಾ ತರಿಸಿದರು.

ನಾನು ಇಷ್ಟು ಪುಟ ಓದಿ ಕಂಡುಕೊಂಡದ್ದಕ್ಕಿಂತ ದೊಡ್ಡ ವಿಮರ್ಶೆ ಅವರ ಆ ಒಂದು ಮಾತಿನಲ್ಲಿತ್ತು. ಇಂಡಿಯಾ ಗೇಟಿನ ಬಳಿ 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಸತ್ತವರ ಹೆಸರನ್ನು ಕಲ್ಲು ಹೊತ್ತಿದೆ. ಬದುಕಿ ಬಂದವರು ನಮ್ಮ ನಡುವೆಯೇ ಇದ್ದಾರೆ, ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ದಳವಿಯವರ ಪುಸ್ತಕವನ್ನು ಅವಶ್ಯ ಓದೋಣ. ಅದನ್ನು ತೀರ್ಪೆಂದು ಕಣ್ಣಿಗೊತ್ತಿಕೊಳ್ಳದೆ ಒಬ್ಬ ಸಾಕ್ಷಿಯ ಹೇಳಿಕೆಯೆಂದು ಓದಿ, ಉಳಿದ ಸಾಕ್ಷಿಗಳ ಮುಂದೆಯೂ ಕಾಗದ, ಲೇಖನಿ ಇಡೋಣ. ಅವರು ಬರೆಯಲಾರರಾದರೆ ಅವರು ಹೇಳಿದ್ದನ್ನು ನಾವು ಬರೆದುಕೊಳ್ಳೋಣ. ಟಿಪ್ಪಣಿ ಬರೆಯುವುದು ನಮಗೆ ಗೊತ್ತಿರುವ ಕೆಲಸವೇ ತಾನೆ!