ಎಸ್‌ವಿಗೆ ಜಿಎಸ್‌ಎಕ್ಸ್-ಆರ್ ಮೂತಿ

1999ರಲ್ಲಿ ಬಂದ ಸುಜುಕಿ ಎಸ್‌ವಿ650 ಬೈಕಿನ ವಿ-ಟ್ವಿನ್ ಎಂಜಿನನ್ನು ಹೊಗಳದವರಿಲ್ಲ. ಬ್ರೇಕ್ ಹಿಡಿದೊಡನೆ ಮುಗ್ಗರಿಸಿದಂತೆ ಕುಸಿಯುವ ಅದರ ಮುಂಚಕ್ರದ ಮೆತ್ತನೆಯ ಫೋರ್ಕನ್ನು ಬೈಯದವರೂ ಇಲ್ಲ. ಅದಕ್ಕೇ ಅಮೆರಿಕ, ಬ್ರಿಟನ್ನಿನ ಮನೆ ಗ್ಯಾರೇಜುಗಳಲ್ಲಿ ಅದೇ ಕಂಪನಿಯ ಸ್ಪೋರ್ಟ್ಸ್ ಬೈಕಾದ ಜಿಎಸ್‌ಎಕ್ಸ್-ಆರ್‌ನ ಫೋರ್ಕನ್ನು ಚಕ್ರ, ಬ್ರೇಕ್ ಸಮೇತ ತಂದು ಕೂರಿಸುತ್ತಾರೆ.

ನೋಡುವವರ ಕಣ್ಣೆಲ್ಲ ಆ ದಪ್ಪ ಫೋರ್ಕ್ ಮೇಲೆ. ನನ್ನ ಮೆಚ್ಚುಗೆ ಮಾತ್ರ ಹ್ಯಾಂಡಲ್ ತಿರುಗುವ ಕೊರಳಿನೊಳಗೆ ಅಡಗಿರುವ ಬೇರಿಂಗ್ ಕೆಲಸಕ್ಕೆ. ಫ್ರೀಜರಿನಲ್ಲಿಟ್ಟ ಬೇರಿಂಗಿನ ಹೊರಬಳೆ ಕಣ್ಣಿಗೆ ಕಾಣದಷ್ಟು ಕುಗ್ಗಿರುತ್ತದೆ. ಅದನ್ನು ಚೌಕಟ್ಟಿನ ಕೊರಳಿಗಿಟ್ಟು, ಮೇಲೆ ಹಳೆಯ ಬಳೆಯನ್ನಿಟ್ಟು ಸುತ್ತಲೂ ಸಮನಾಗಿ ತಟ್ಟುತ್ತಾರೆ. ಮೊದಲು ಮಂಕಾಗಿ ಕೇಳುವ ಸುತ್ತಿಗೆಯ ಸದ್ದು, ಬಳೆ ತಳಮುಟ್ಟಿದ ಕ್ಷಣ ‘ಟಣ್’ ಎನ್ನುತ್ತದೆ. ಬಲ್ಲ ಕೈ ಅಲ್ಲಿಗೇ ನಿಲ್ಲುತ್ತದೆ. ಬೇರಿಂಗನ್ನು ಬಿಗಿಯುವ ಮೇಲಿನ ನಟ್ಟಿನದು ಇನ್ನೂ ನಾಜೂಕು: ಹೆಚ್ಚು ಬಿಗಿದರೆ ಹ್ಯಾಂಡಲ್ ಸಲೀಸಾಗಿ ತಿರುಗುವುದಿಲ್ಲ, ಸಡಿಲವಾದರೆ ಬ್ರೇಕ್ ಹಿಡಿದಾಗ ಕಟಕಟ.

ಹೊಸ ಫೋರ್ಕ್ ಹಳೆಯದಕ್ಕಿಂತ ಗಿಡ್ಡವಾದರೆ ಮುಂಭಾಗ ತಗ್ಗಿ ಗಾಡಿ ಚುರುಕಾಗುತ್ತದೆ, ಜೊತೆಗೆ ಸ್ಥಿರತೆಯೂ ತಗ್ಗುತ್ತದೆ. ಮಿಲಿಮೀಟರ್ ಲೆಕ್ಕದಲ್ಲಿ ಅದನ್ನು ಸರಿದೂಗಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ನೀವೂ ಕೈಹಾಕುವುದಾದರೆ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಫೋರ್ಕ್ ಟ್ಯಾಂಕಿಗೆ ತಾಗುವುದಿಲ್ಲವೆಂದು ಕಂಡ ಮೇಲೇ ರಸ್ತೆಗಿಳಿಸಿ.