ಕಫದ ಲೆಕ್ಕ, ಶ್ವಾಸಕೋಶದ ಲೆಕ್ಕ

ಸೂಕ್ಷ್ಮಜೀವಿಗಳ ಬಗ್ಗೆ ಈಚೆಗೆ ಬರುವ ಜನಪ್ರಿಯ ಲೇಖನಗಳ ಪಲ್ಲವಿ ಒಂದೇ: ವೈವಿಧ್ಯವಿದ್ದಲ್ಲಿ ಆರೋಗ್ಯ, ಆಂಟಿಬಯಾಟಿಕ್ ಹೊಕ್ಕಲ್ಲಿ ವೈವಿಧ್ಯದ ನಾಶ. ಕರುಳಿನ ವಿಚಾರವಾಗಿ ಹುಟ್ಟಿದ ಈ ಸೂತ್ರ ಶ್ವಾಸಕೋಶಕ್ಕೂ ಹಬ್ಬಲು ನೆರವಾದದ್ದು 2012ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಲಿಪುಮಾ ತಂಡ ಪ್ರಕಟಿಸಿದ ಒಂದು ಪ್ರಬಂಧ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವ ಆರು ಗಂಡಸರು, ಎಂಟೊಂಬತ್ತು ವರ್ಷ, 126 ಕಫದ ಮಾದರಿ. ರೋಗ ಉಲ್ಬಣಿಸುತ್ತ ಹೋದ ಮೂವರಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಕುಸಿಯಿತು, ರೋಗ ಸೌಮ್ಯವಾಗಿದ್ದ ಮೂವರಲ್ಲಿ ಹೆಚ್ಚುಕಡಿಮೆ ಹಾಗೇ ಉಳಿಯಿತು. ಕುಸಿತಕ್ಕೆ ಮುಖ್ಯ ಕಾರಣ ವಯಸ್ಸೂ ಅಲ್ಲ, ಶ್ವಾಸಕೋಶದ ಶಕ್ತಿಯೂ ಅಲ್ಲ, ಆಂಟಿಬಯಾಟಿಕ್ ಎಂಬುದು ತೀರ್ಮಾನ. ಇದಕ್ಕೆ ಸಿಕ್ಕಿರುವ ಮರ್ಯಾದೆ ಇದರ ಯೋಗ್ಯತೆಗಿಂತ ಬಹಳ ಹೆಚ್ಚು ಎಂಬುದು ನನ್ನ ವಾದ.

ವೈವಿಧ್ಯದ ಪಕ್ಷಪಾತಿಗಳಿಗೆ ನಮ್ಮ ಸೀಮೆಯಲ್ಲಿ ಸಿದ್ಧ ಉಪಮಾನವೂ ಉಂಟು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ನೂರಾರು ಭತ್ತದ ತಳಿಗಳನ್ನೂ ನೂರಕ್ಕೂ ಮಿಕ್ಕಿದ ಮಾವಿನ ಬಗೆಗಳನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಬರಕ್ಕೊಂದು, ನೆರೆಗೊಂದು ತಳಿ ನಿಲ್ಲುವ ಆ ಗದ್ದೆಯಲ್ಲಿ ವೈವಿಧ್ಯ ಹೆಚ್ಚಿದಷ್ಟೂ ಒಳ್ಳೆಯದು, ತಕರಾರಿಲ್ಲ. ಆದರೆ ಅಲ್ಲಿ ಯಾವ ತಳಿ ಯಾವ ಪಾತಿಯಲ್ಲಿದೆ ಎಂಬುದು ಬಿತ್ತಿದವರಿಗೆ ಗೊತ್ತು. ಕಫದಲ್ಲಿ ಹಾಗಿಲ್ಲ. ಅದು ಶ್ವಾಸಕೋಶದಿಂದ ಹೊರಟು ಗಂಟಲು, ನಾಲಿಗೆ, ಹಲ್ಲಿನ ಸಂದುಗಳನ್ನೆಲ್ಲ ಸವರಿಕೊಂಡು ಡಬ್ಬಿಗೆ ಬೀಳುತ್ತದೆ. ಕಿರುಗಾವಲಿನ ರಸ್ತೆಯ ಮೇಲೆ ಹತ್ತು ಮನೆಯವರು ಒಟ್ಟಿಗೆ ಒಣಹಾಕಿದ ಭತ್ತವನ್ನು ಬಾಚಿ ತಂದು, ಇದೆಲ್ಲ ಒಂದೇ ಗದ್ದೆಯ ಬೆಳೆ ಎಂದ ಹಾಗೆ.

ಪ್ರಬಂಧದ ಮರ್ಮ ಇರುವುದು ಅದರ ಅಳತೆಯಲ್ಲಿ. ಕಫದಿಂದ ಡಿಎನ್‌ಎ ತೆಗೆದು, 16ಎಸ್ ಜೀನಿನ ಒಂದು ತುಣುಕನ್ನು ಓದಿ, ಯಾವ ಬ್ಯಾಕ್ಟೀರಿಯಾ ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕುವ ವಿಧಾನ ಅದು. ಅಂದರೆ ಅಳೆಯುವುದು ಪಾಲನ್ನು. ಒಂದು ಕಲ್ಪಿತ ಲೆಕ್ಕ ಮಾಡೋಣ. ಬಾಯಿಂದ ಸೇರಿಕೊಂಡ ಹತ್ತಾರು ಬಗೆಯ ಜೀವಿಗಳು 50, ಶ್ವಾಸಕೋಶದಲ್ಲಿ ಸೋಂಕು ತರುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ 50 ಇವೆ ಎನ್ನಿ. ರೋಗ ಬಲಿತು ಸ್ಯೂಡೊಮೊನಾಸ್ 150 ಆಯಿತು. ಬಾಯಿಯ 50 ಹಾಗೇ ಇವೆ, ಒಂದೂ ಸತ್ತಿಲ್ಲ. ಆದರೂ ಅವುಗಳ ಪಾಲು ಅರ್ಧದಿಂದ ಕಾಲಿಗೆ ಇಳಿಯಿತು, ವೈವಿಧ್ಯದ ಸೂಚ್ಯಂಕ ಬಿತ್ತು. ಒಟ್ಟು ಸಾಂದ್ರತೆ ಗಣನೀಯವಾಗಿ ಬದಲಾಗಲಿಲ್ಲ ಎಂದು ಅದೇ ಪ್ರಬಂಧ ಹೇಳುತ್ತದಲ್ಲ ಎಂದು ಕೇಳಬಹುದು. ನಮ್ಮ ಲೆಕ್ಕದಲ್ಲಿ ಒಟ್ಟು ಮೊತ್ತ 100 ಇದ್ದದ್ದು 200 ಆಗಿದೆ, ಅಷ್ಟೆ. ಲಾಗ್ ಮಾನದಲ್ಲಿ ಅದು ಬರೀ 0.3ರ ಕದಲಿಕೆ, ಒಬ್ಬನೇ ರೋಗಿಯ ಈ ವಾರದ ಕಫಕ್ಕೂ ಮುಂದಿನ ವಾರದ್ದಕ್ಕೂ ಇರಬಹುದಾದ ಅಂತರದಲ್ಲೇ ಕರಗಿಹೋಗುವಂಥದ್ದು.

ಇನ್ನೊಂದು ದಾರಿಯೂ ಇದೆ. ಆಂಟಿಬಯಾಟಿಕ್ ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳನ್ನು ತಗ್ಗಿಸಿದರೆ ಸಾಕು, ಶ್ವಾಸಕೋಶದಲ್ಲಿ ಏನೂ ನಡೆಯದೆಯೇ ಸೂಚ್ಯಂಕ ಕುಸಿದೀತು. ಸತ್ತ ಜೀವಿಯ ಡಿಎನ್‌ಎ ಕೂಡ ಲೆಕ್ಕಕ್ಕೆ ಸೇರುವುದು ಬೇರೆ. ಒಂದೇ ಅಂಕಿಯ ಹಿಂದೆ ಮೂರು ಕಥೆಗಳಿರಬಹುದಾದಾಗ ಅದರಲ್ಲಿ ಒಂದನ್ನು ತೀರ್ಮಾನವೆಂದು ಕರೆಯುವುದು ಅವಸರ.

ಇದಕ್ಕಿಂತ ಹಳೆಯ ಆಕ್ಷೇಪವೂ ಉಳಿದೇ ಇದೆ. ಹೆಚ್ಚು ಆಂಟಿಬಯಾಟಿಕ್ ಸಿಗುವುದು ಹೆಚ್ಚು ಕಾಯಿಲೆ ಬಿದ್ದವನಿಗೆ. ಶ್ವಾಸಕೋಶದ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದಿದ್ದೇವೆ ಎಂಬ ಸಮಾಧಾನ ಸಾಲದು. ರೋಗಿಯ ತೂಕ, ಹಸಿವು, ರಾತ್ರಿ ಕೆಮ್ಮು, ಮುಖದ ಬಣ್ಣ ನೋಡಿ ವೈದ್ಯ ಔಷಧಿ ಬರೆಯುತ್ತಾನೆ. ಊದಿಸಿ ಅಳೆದ ಒಂದು ಅಂಕಿಗೆ ಅದೆಲ್ಲ ಹಿಡಿಸುವುದಿಲ್ಲ. ಆರೇ ಜನರಲ್ಲಿ ಈ ಸಿಕ್ಕು ಬಿಡಿಸಲು ಬರುವುದಿಲ್ಲ.

ಲಿಪುಮಾ ತಂಡದ ಪ್ರಬಂಧ ಬಂದ ವರ್ಷವೇ, ಅದೇ ಪತ್ರಿಕೆಯಲ್ಲಿ ಗಾಡರ್ಡ್ ಮತ್ತು ಸಂಗಡಿಗರ ಇನ್ನೊಂದು ಪ್ರಬಂಧ ಬಂತು. ಕಸಿಗಾಗಿ ಹೊರತೆಗೆದ ಸಿಸ್ಟಿಕ್ ಫೈಬ್ರೋಸಿಸ್ ಶ್ವಾಸಕೋಶಗಳನ್ನೇ ಅವರು ಕೊಯ್ದು ನೋಡಿದರು. ಗಂಟಲಿನಲ್ಲೂ ಕಫದಲ್ಲೂ ಕಂಡ ಜನಜಂಗುಳಿ ಒಳಗಿರಲಿಲ್ಲ. ಇದ್ದದ್ದು ಹೆಚ್ಚಾಗಿ ಪರಿಚಿತ ರೋಗಕಾರಕಗಳು. ಅವು ಕೊನೆಯ ಹಂತದ ಶ್ವಾಸಕೋಶಗಳು, ಎಳೆಯ ಮಕ್ಕಳಿಗೆ ಆ ಮಾತು ಹಾಗೇ ಒಪ್ಪುವುದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಈ ಎಚ್ಚರ ಲಿಪುಮಾ ತಂಡದ ಪ್ರಬಂಧದ ಮುಂದೆ ಮಾತ್ರ ಯಾಕೆ ಮೂಕವಾಗುತ್ತದೆ?

ವಿಮರ್ಶಕರ ಕಡೆಗೂ ಒಂದು ಮಾತು. ಒಂದು ಪಂಗಡ ಅದೇ 2012ರ ಫೋಡರ್ ಅಧ್ಯಯನವನ್ನು ಎತ್ತಿ ಹಿಡಿಯುತ್ತದೆ: 23 ವಯಸ್ಕರು, ಉಲ್ಬಣಕ್ಕೆ ಆಂಟಿಬಯಾಟಿಕ್ ಕೊಟ್ಟರೂ ಬ್ಯಾಕ್ಟೀರಿಯಾ ಸಮುದಾಯ ಮತ್ತೆ ಮೊದಲಿನಂತೆ. ಹಾಗಿದ್ದರೆ ಔಷಧಿಯಿಂದ ಏನೂ ಆಗುವುದಿಲ್ಲ ಎಂದು ಇವರು. ಔಷಧಿ ಎಲ್ಲವನ್ನೂ ಹಾಳುಗೆಡವುತ್ತದೆ ಎಂದು ವೈವಿಧ್ಯದ ಪಕ್ಷಪಾತಿಗಳು. ಇಬ್ಬರೂ ಕಫದ ಪಟ್ಟಿಯಿಂದ ಕಣ್ಣೆತ್ತಿ ರೋಗಿಯನ್ನು ನೋಡಲೊಲ್ಲರು. 1999ರಲ್ಲಿ ರಾಮ್ಸೆ ಮತ್ತು ಸಂಗಡಿಗರು 520 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತಿಂಗಳು ಬಿಟ್ಟು ತಿಂಗಳು ಟೊಬ್ರಾಮೈಸಿನ್ ಉಸಿರಿನೊಂದಿಗೆ ಎಳೆದುಕೊಂಡವರ ಶ್ವಾಸಶಕ್ತಿ 20ನೇ ವಾರಕ್ಕೆ ಸರಾಸರಿ ಶೇ. 10ರಷ್ಟು ಏರಿತು, ಹುಸಿ ಔಷಧಿ ಪಡೆದವರದು ಶೇ. 2ರಷ್ಟು ಇಳಿಯಿತು. ಸ್ಯೂಡೊಮೊನಾಸ್ ನಿರ್ಮೂಲವಾಗಲಿಲ್ಲ, ಸಾಂದ್ರತೆ ತಗ್ಗಿತು ಅಷ್ಟೆ. ಸಮುದಾಯದ ಪಟ್ಟಿ ಬದಲಾಗದೆಯೂ ರೋಗಿ ಚೇತರಿಸಿಕೊಳ್ಳಬಹುದು. ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆ ಎಂದು ಹೇಳುವ ಲ್ಯಾಬಿನ ಸಂವೇದನಾ ವರದಿಯನ್ನೇ ವೇದವೆನ್ನುವ ಮೂರನೆಯವರಿಗೂ ಇದೇ ಪಾಠ: ಸ್ಮಿತ್ ಮೊದಲಾದವರು 2003ರಲ್ಲಿ ನೋಡಿದಾಗ, ಆ ವರದಿಗೂ ರೋಗಿ ಸುಧಾರಿಸುವುದಕ್ಕೂ ಸಂಬಂಧ ಕಾಣಲಿಲ್ಲ.

ಲಿಪುಮಾ ತಂಡದ ಶ್ರಮ ಸಣ್ಣದಲ್ಲ. ಒಬ್ಬೊಬ್ಬ ರೋಗಿಯನ್ನು ಅಷ್ಟು ವರ್ಷ ಹಿಂಬಾಲಿಸಿದ ತಾಳ್ಮೆ ಅಪರೂಪದ್ದು. ಆಂಟಿಬಯಾಟಿಕ್‌ಗೆ ಒಂದೊಂದು ಬ್ಯಾಕ್ಟೀರಿಯಾ ಒಂದೊಂದು ರೀತಿ ವರ್ತಿಸುತ್ತದೆ ಎಂದು ತೋರಿಸಿದ್ದೂ ಅವರೇ. ಆ ಪುಟಗಳನ್ನು ಓದಿದವರು ಕಡಿಮೆ, ಕೊನೆಯ ಸಾಲನ್ನು ಉದ್ಧರಿಸಿದವರು ಹೆಚ್ಚು.

ನಿಜಕ್ಕೂ ಓದಬೇಕಾದದ್ದು 1991ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಕೋಪನ್‌ಹೇಗನ್ ಪ್ರಬಂಧ. ಸ್ಯೂಡೊಮೊನಾಸ್ ಕಾಣಿಸಿದಾಗಲೆಲ್ಲ ಉಸಿರಿನಲ್ಲಿ ಕೊಲಿಸ್ಟಿನ್, ಬಾಯಿಂದ ಸಿಪ್ರೊಫ್ಲಾಕ್ಸಸಿನ್, ಮೂರು ವಾರ. ಇದ್ದವರು 26 ಮಂದಿ ಮಾತ್ರ. ಆದರೆ ಯಾರಿಗೆ ಔಷಧಿ ಎಂಬುದನ್ನು ಕಾಯಿಲೆಯ ತೀವ್ರತೆ ನಿರ್ಧರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಹಂಚಿದರು. 27 ತಿಂಗಳ ಕೊನೆಗೆ ಸೋಂಕು ಬೇರೂರಿದ್ದು ಔಷಧಿ ಪಡೆದ 14 ಜನರಲ್ಲಿ 2 ಮಂದಿಗೆ, ಪಡೆಯದ 12 ಜನರಲ್ಲಿ 7 ಮಂದಿಗೆ. ಕಿರಿದಾದರೂ ಇದು ಪ್ರಯೋಗ. ಆರು ಜನರದ್ದು ವೀಕ್ಷಣೆ.

ಇದು ಪಂಡಿತರ ಜಗಳ ಮಾತ್ರವಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದರೆ ಹುಟ್ಟುವ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯುಳ್ಳ ಹಳೇ ಮೈಸೂರು ಸೀಮೆಯಲ್ಲಿ, ಪದೇಪದೇ ಕೆಮ್ಮುವ, ತೂಕ ಏರದ ಮಗುವಿಗೆ ಆಸ್ತಮಾ ಅಥವಾ ಕ್ಷಯ ಎಂಬ ಹಣೆಪಟ್ಟಿ ಅಂಟುವ ಮುನ್ನ ಈ ಕಾಯಿಲೆಯ ಪತ್ತೆಗೆ ಬೆವರಿನ ಕ್ಲೋರೈಡ್ ಪರೀಕ್ಷೆ ಆಗಬೇಕು. ಅಂಥ ಮಗುವಿನ ತಾಯಿಗೆ ಆಂಟಿಬಯಾಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬ ಅರೆಬರೆ ಜ್ಞಾನ ಹಂಚುವುದು ಅಪಾಯ. ನೆಗಡಿಗೆಲ್ಲ ಆಂಟಿಬಯಾಟಿಕ್ ನುಂಗುವ ಚಟವನ್ನು ಖಂಡಿಸಲು ಬೇರೆ ಕಾರಣಗಳು ಬೇಕಾದಷ್ಟಿವೆ. ಈ ಕಾಯಿಲೆಯಲ್ಲಿ ಮಾತ್ರ, ಬೇಗ ಹಿಡಿದು ಬೇಗ ಹೊಡೆಯುವುದೇ ಸರಿ. ಸೂಚ್ಯಂಕ ಇಳಿದರೆ ಇಳಿಯಲಿ.